ವೀರರಾಣಿ ಚೆನ್ನಮ್ಮ: ಚಿತ್ರಪಟದಲ್ಲಿ ಮತ್ತು ಚರಿತ್ರೆಯಲ್ಲಿ

ನಮ್ಮ ಭಾಗದ ಕನ್ನಡ ಶಾಲೆಗಳ ಸ್ನೇಹಸಮ್ಮೇಳನದಲ್ಲಿ ಕಿತ್ತೂರು ಚೆನ್ನಮ್ಮನ ಪಾತ್ರವಿಲ್ಲದ ವರ್ಷ ಅಪರೂಪ. ರಟ್ಟಿನ ಖಡ್ಗ ಹಿಡಿದು, ಬೇಗಡೆಯ ಕಿರೀಟ ತೊಟ್ಟು, ಒಬ್ಬ ಹುಡುಗಿ ವೇದಿಕೆಗೆ ಬರುತ್ತಾಳೆ. ಎದುರಿಗೆ ಕೋಟು ಟೊಪ್ಪಿಗೆ ಹಾಕಿದ ಥ್ಯಾಕರೆ ಸಾಹೇಬ. ರಾಣಿ ಅವನಿಗೆ ಕಪ್ಪದ ಕುರಿತು ಒಂದರ ಮೇಲೊಂದು ಪ್ರಶ್ನೆ ಎಸೆಯುತ್ತಾಳೆ. ಸಭೆಯಲ್ಲಿ ಕುಳಿತ ತಾಯಂದಿರೂ ಆ ಮಾತುಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತಾರೆ. ಚಪ್ಪಾಳೆ ಬೀಳುತ್ತದೆ. ನಮ್ಮಲ್ಲಿ ಬಹುಮಂದಿ ತಿಳಿದಿರುವ ಚೆನ್ನಮ್ಮ ಇವಳೇ.

ಮಕ್ಕಳೇ, ಆ ಪ್ರಸಿದ್ಧ ಸಂಭಾಷಣೆ ನಿಮಗೆ ಬಂದದ್ದು 1961ರಲ್ಲಿ ತೆರೆಕಂಡ ‘ಕಿತ್ತೂರು ಚೆನ್ನಮ್ಮ’ ಚಲನಚಿತ್ರದಿಂದ. ಬಿ. ಆರ್. ಪಂತುಲು ಅವರು ನಿರ್ಮಿಸಿ ನಿರ್ದೇಶಿಸಿದ ಆ ಚಿತ್ರದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮನಾಗಿ, ರಾಜಕುಮಾರ್ ಮಲ್ಲಸರ್ಜನಾಗಿ ಅಭಿನಯಿಸಿದರು. ಚಿತ್ರವು ಬಲು ಸೊಗಸಾದುದು. ನಾನೂ ಅದನ್ನು ಹಲವು ಸಲ ನೋಡಿದ್ದೇನೆ. ಆದರೆ ಚಿತ್ರದ ರಾಣಿಯನ್ನಷ್ಟೇ ಬಲ್ಲವರು ಕಿತ್ತೂರಿನ ರಾಣಿಯನ್ನು ಅರ್ಧ ಮಾತ್ರ ಬಲ್ಲರು. ಉಳಿದರ್ಧವನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಬೆಳಗಾವಿಯ ಸಮೀಪದಲ್ಲಿ ಕಾಕತಿ ಎಂಬ ಊರಿದೆ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹೋಗುವವರಿಗೆ ಅದು ಕಾಣಸಿಗುತ್ತದೆ. ಅಲ್ಲಿಯ ದೇಸಾಯಿ ಧೂಳಪ್ಪಗೌಡರ ಮಗಳಾಗಿ ಚೆನ್ನಮ್ಮ 1778ರಲ್ಲಿ ಜನಿಸಿದಳು. ಕುದುರೆ ಸವಾರಿ, ಬಿಲ್ಲು, ಕತ್ತಿವರಸೆ ಇವುಗಳಲ್ಲಿ ಅವಳು ಚಿಕ್ಕಂದಿನಲ್ಲೇ ಪಳಗಿದಳೆಂದು ಹೇಳುತ್ತಾರೆ. ಅವಳ ಮದುವೆಯ ಬಗ್ಗೆ ಒಂದು ಹುಲಿಬೇಟೆಯ ಕಥೆ ಜನರ ಬಾಯಲ್ಲಿದೆ. ಕಿತ್ತೂರಿನ ದೊರೆ ಮಲ್ಲಸರ್ಜ ಬೇಟೆಗೆ ಬಂದು ಒಂದು ಹುಲಿಯನ್ನು ಹೊಡೆದನಂತೆ, ಹತ್ತಿರ ಹೋಗಿ ನೋಡಿದರೆ ಅದರ ಮೈಯಲ್ಲಿ ಎರಡು ಬಾಣ, ಎರಡನೆಯದು ಚೆನ್ನಮ್ಮನದಂತೆ. ಯಾರ ಬಾಣಕ್ಕೆ ಹುಲಿ ಸತ್ತಿತೆಂಬ ವಾದದಲ್ಲೇ ಇಬ್ಬರಿಗೂ ಮನಸ್ಸು ಕೂಡಿತಂತೆ. ಇದಕ್ಕೆ ಕಾಗದದ ಆಧಾರವಿಲ್ಲ. ಆದರೂ ಇದನ್ನು ಬಿಟ್ಟುಬಿಡಿರೆಂದು ನಾನು ಯಾರಿಗೂ ಹೇಳಲಾರೆ. ಜನರು ತಮಗೆ ಪ್ರೀತಿಯವರಾದ ಅರಸರ ಸುತ್ತ ಇಂಥ ಕಥೆಗಳನ್ನು ಹೆಣೆಯುತ್ತಾರೆ. ಕಥೆಯನ್ನು ಕಥೆಯೆಂದು ತಿಳಿದು ಕೇಳಿದರೆ ಕೆಡುಕೇನೂ ಇಲ್ಲ.

ಮಲ್ಲಸರ್ಜನು ಸಾಮಾನ್ಯ ಮನುಷ್ಯನಲ್ಲ. ಕಿತ್ತೂರು ಧಾರವಾಡಕ್ಕೂ ಬೆಳಗಾವಿಗೂ ನಡುವಿನ ಸಣ್ಣ ಸಂಸ್ಥಾನ. ಒಂದು ಕಡೆ ಮೈಸೂರಿನ ಟೀಪು, ಇನ್ನೊಂದು ಕಡೆ ಪುಣೆಯ ಪೇಶವೆ. ಈ ಇಬ್ಬರ ನಡುವೆ ಕಿತ್ತೂರು ಅಡಕತ್ತಿನಲ್ಲಿ ಸಿಕ್ಕ ಅಡಿಕೆಯಂತಿತ್ತು. ಟೀಪುವಿನ ಸೈನ್ಯ 1785ರಲ್ಲಿ ಕಿತ್ತೂರನ್ನು ಹಿಡಿಯಿತು. ಮಲ್ಲಸರ್ಜ ಸೆರೆಯಾಗಿ, ಮುಂದೆ ಸೆರೆಯಿಂದ ತಪ್ಪಿಸಿಕೊಂಡು ಬಂದು ರಾಜ್ಯವನ್ನು ಮತ್ತೆ ಕಟ್ಟಿದ. ಆತನಿಗೆ ಮೊದಲ ಹೆಂಡತಿ ರುದ್ರಮ್ಮ ಇದ್ದಳು. ಚೆನ್ನಮ್ಮ ಎರಡನೆಯವಳು. ಚೆನ್ನಮ್ಮನಿಗೆ ಹುಟ್ಟಿದ ಗಂಡುಮಗು ಎಳೆಯ ವಯಸ್ಸಿನಲ್ಲೇ ತೀರಿಕೊಂಡಿತು. ಮುಂದೆ ಎರಡನೆಯ ಬಾಜೀರಾಯ ಪೇಶವೆಯು ಮಲ್ಲಸರ್ಜನನ್ನು ಪುಣೆಗೆ ಕರೆದೊಯ್ದು ಅಲ್ಲಿಯೇ ಹಿಡಿದಿಟ್ಟುಕೊಂಡ. ಆರೋಗ್ಯ ಪೂರ್ತಿ ಕೆಟ್ಟ ಮೇಲೆ ಬಿಟ್ಟ. 1816ರಲ್ಲಿ ಮಲ್ಲಸರ್ಜ ತೀರಿಕೊಂಡ. ಆಗ ಚೆನ್ನಮ್ಮನ ವಯಸ್ಸು ಮೂವತ್ತೆಂಟರ ಸುಮಾರು.

ಪಟ್ಟಕ್ಕೆ ಬಂದವನು ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ, ಅಂದರೆ ಚೆನ್ನಮ್ಮನ ಮಲಮಗ. ಇದನ್ನು ನೆನಪಿಡಿ. 1824ರಲ್ಲಿ ತೀರಿಕೊಂಡವನು ಚೆನ್ನಮ್ಮನ ಹೊಟ್ಟೆಯ ಮಗನೆಂದು ಅನೇಕ ಚಿಕ್ಕ ಪುಸ್ತಕಗಳಲ್ಲಿ ಬರೆದುಬಿಟ್ಟಿದ್ದಾರೆ. ಅದು ಸರಿಯಲ್ಲ. ತನ್ನ ರಕ್ತ ಹಂಚಿಕೊಳ್ಳದ ಮಗನಿಗಾಗಿ, ಆ ಮಗನು ದತ್ತು ತೆಗೆದುಕೊಂಡ ಹುಡುಗನಿಗಾಗಿ, ಆಕೆ ಕಾದಿದಳು. ಸ್ವಂತ ಮಗನಿಗಾಗಿ ಎಂದು ಬರೆದರೆ ಅವಳ ದೊಡ್ಡಸ್ತಿಕೆ ಕಡಿಮೆಯಾಗುತ್ತದೆ.

1818ನೆಯ ವರ್ಷ ನಮ್ಮ ಸೊಲ್ಲಾಪುರದವರೂ ತಿಳಿದಿರಬೇಕಾದ ವರ್ಷ. ಪೇಶವೆಯ ರಾಜ್ಯ ಮುಳುಗುತ್ತಿದ್ದ ಕಾಲ. ಥಾಮಸ್ ಮನ್ರೋ ಎಂಬ ಇಂಗ್ಲಿಷ್ ಸೇನಾಪತಿ ದಕ್ಷಿಣದಿಂದ ಬಂದು ಏಪ್ರಿಲ್ ತಿಂಗಳಲ್ಲಿ ಬೆಳಗಾವಿಯ ಕೋಟೆಯನ್ನು ತೆಗೆದುಕೊಂಡ. ಮೇ ತಿಂಗಳಲ್ಲಿ ನಮ್ಮ ಸೊಲ್ಲಾಪುರದ ಕೋಟೆಯನ್ನು ಹಿಡಿದ. ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ ನೀವು ದಿನಾಲೂ ನೋಡುವ ಕೋಟೆಯೇ ಅದು. ಈ ಬೆಳಗಾವಿಯ ಮುತ್ತಿಗೆಯಲ್ಲಿ ಕಿತ್ತೂರಿನವರು ಇಂಗ್ಲಿಷರಿಗೆ ನೆರವಾದರು. ತಂದೆಯನ್ನು ಸೆರೆಯಲ್ಲಿ ಸವೆಸಿದ ಪೇಶವೆಯ ಮೇಲೆ ಮಗನಿಗೆ ಸಿಟ್ಟಿದ್ದುದು ಸಹಜವೇ. ನೆರವಿಗೆ ಪ್ರತಿಯಾಗಿ ಮನ್ರೋ ಸಂಸ್ಥಾನವನ್ನು ದೇಸಾಯಿಗೇ ಬಿಟ್ಟುಕೊಟ್ಟ. ಖಾನಾಪುರದ ಭಾಗವನ್ನು ಕಂಪನಿ ಪಡೆಯಿತು. ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಗೂ ಮಿಕ್ಕ ಕಪ್ಪ ನಿಗದಿಯಾಯಿತು.

ಅಂದರೆ ಕಿತ್ತೂರು ಕಪ್ಪವನ್ನು ಕೊಡುತ್ತಿತ್ತು. ಮೊದಲು ಪೇಶವೆಗೆ, ಆಮೇಲೆ ಕಂಪನಿಗೆ. ಕಪ್ಪ ಕೊಡುವುದಿಲ್ಲವೆಂಬ ಕಾರಣಕ್ಕೆ ಆ ಯುದ್ಧ ಹುಟ್ಟಲಿಲ್ಲ. ಸ್ನೇಹಸಮ್ಮೇಳನದಲ್ಲಿ ಚಪ್ಪಾಳೆ ತಟ್ಟಿದವರಿಗೆ ಈ ಮಾತು ರುಚಿಸಲಿಕ್ಕಿಲ್ಲ. ಆದರೆ ದಾಖಲೆ ಹೀಗಿದೆ.

ಹಾಗಾದರೆ ಚಿತ್ರದಲ್ಲಿ ಆ ಮಾತು ಎಲ್ಲಿಂದ ಬಂತು? ನನ್ನ ಅಭಿಪ್ರಾಯ ಇಷ್ಟು. ಇದೇ ಪಂತುಲು ಅವರು ಎರಡು ವರ್ಷ ಮೊದಲು, 1959ರಲ್ಲಿ, ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಚಿತ್ರವನ್ನು ತೆಗೆದಿದ್ದರು. ಅದರಲ್ಲಿ ಶಿವಾಜಿ ಗಣೇಶನ್ ಅವರು ಕಟ್ಟಬೊಮ್ಮನಾಗಿ ಜಾಕ್ಸನ್ ದೊರೆಯ ಎದುರಿಗೆ ಕಂದಾಯದ ಬಗ್ಗೆ ಆಡುವ ಮಾತು ತಮಿಳುನಾಡಿನಲ್ಲಿ ಮನೆಮಾತಾಗಿತ್ತು. ಪಾಂಚಾಲಂಕುರಿಚಿಯ ಕಟ್ಟಬೊಮ್ಮನ ಜಗಳ ನಿಜವಾಗಿಯೂ ಬಾಕಿ ಕಪ್ಪದ್ದೇ ಆಗಿತ್ತು. ಅದರಿಂದಲೇ ಅದು ಬೆಳೆದು 1799ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಎರಡೂ ಚಿತ್ರಗಳನ್ನು ನೋಡಿದವರಿಗೆ ಆ ಎರಡು ದೃಶ್ಯಗಳು ಅಕ್ಕತಂಗಿಯರಂತೆ ಕಾಣುತ್ತವೆ. ಒಂದು ನಾಡಿನಲ್ಲಿ ಸತ್ಯವಾಗಿದ್ದ ಜಗಳವನ್ನು ಇನ್ನೊಂದು ನಾಡಿನ ರಾಣಿಯ ಬಾಯಿಗೆ ಹಾಕಿದಂತಾಯಿತು. ಮಾತು ಚೆನ್ನಾಗಿ ಒಗ್ಗಿತು, ಜನ ಮೆಚ್ಚಿದರು, ಅದೇ ಚರಿತ್ರೆಯಾಗಿ ಉಳಿಯಿತು.

ನಿಜವಾದ ಜಗಳ ಯಾವುದೆಂದು ಈಗ ನೋಡೋಣ. ಅದು ದತ್ತಕದ ಜಗಳ.

ಶಿವಲಿಂಗರುದ್ರಸರ್ಜನಿಗೆ ಮಕ್ಕಳಿರಲಿಲ್ಲ. ಮೈಯಲ್ಲಿ ಹುಷಾರಿಲ್ಲದೆ ಮಲಗಿದ. ಮಾಸ್ತಮರಡಿಯ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಿರುವುದಾಗಿ ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆಗೆ ಪತ್ರ ಹೋಯಿತು. ಪತ್ರದಲ್ಲಿ ಜುಲೈ ತಿಂಗಳ ತಾರೀಖಿತ್ತು. ಅದು ಅವನ ಕೈಸೇರಿದ್ದು ಸೆಪ್ಟೆಂಬರ್ ನಡುವಿನಲ್ಲಿ. ಅಷ್ಟು ಹೊತ್ತಿಗೆ ದೇಸಾಯಿ ತೀರಿಕೊಂಡಿದ್ದ. ಥ್ಯಾಕರೆಗೆ ಸಂಶಯ ಬಂತು. ಪತ್ರದ ಸಹಿ ದೇಸಾಯಿಯದೇ ಅಲ್ಲ, ಸತ್ತ ಮೇಲೆ ಮಾಡಿದ್ದು ಎಂದು ಅವನ ವಾದ. ಸರಕಾರದ ಅಪ್ಪಣೆಯಿಲ್ಲದೆ ಮಾಡಿಕೊಂಡ ದತ್ತಕ ನಡೆಯುವುದಿಲ್ಲ ಎಂದು ಹೇಳಿ, ಸಂಸ್ಥಾನದ ಆಡಳಿತಕ್ಕೆ ತನ್ನ ಜನರನ್ನು ನೇಮಿಸಿದ, ಖಜಾನೆಗೆ ಮುದ್ರೆ ಒತ್ತಿದ, ಕಾವಲು ಹಾಕಿದ. ಆ ಖಜಾನೆಯಲ್ಲಿ ಸುಮಾರು ಹದಿನೈದು ಲಕ್ಷ ರೂಪಾಯಿ ಇತ್ತೆಂಬ ಲೆಕ್ಕ ಉಂಟು. ಥ್ಯಾಕರೆಗೆ ನಿಜವಾದ ಕಾಳಜಿ ಸಹಿಯದಿತ್ತೋ ಖಜಾನೆಯದಿತ್ತೋ, ಪಾಲಕರೇ ಊಹಿಸಬಹುದು.

ಈ ನೀತಿಯನ್ನು ಡಾಲ್‌ಹೌಸಿಯ ಹೆಸರಿನಿಂದ ಕರೆಯುವುದು ರೂಢಿ. ಆದರೆ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಕಿತ್ತೂರು ಬಿದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ. ಅವನ ಕಾಲದಲ್ಲಿ ಇದೇ ನೆಪದಿಂದ ಸಾತಾರ ಹೋಯಿತು. ಸಾತಾರದ ಅಧೀನದಲ್ಲಿದ್ದ ನಮ್ಮ ಅಕ್ಕಲಕೋಟ ಆಗ ನೇರವಾಗಿ ಇಂಗ್ಲಿಷರ ಕೈಕೆಳಗೆ ಬಂತು.

ಅಕ್ಕಲಕೋಟದ ಮಕ್ಕಳಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನಿಮ್ಮ ಊರಿನ ಭೋಸಲೆ ಮನೆತನ ಶುರುವಾದದ್ದೇ ಒಬ್ಬ ಸಾಕುಮಗನಿಂದ. 1707ರಲ್ಲಿ ಮೊಗಲರ ಸೆರೆಯಿಂದ ಬಿಡುಗಡೆಯಾಗಿ ಬರುತ್ತಿದ್ದ ಶಾಹೂ ಮಹಾರಾಜರಿಗೆ ಪಾರದ ಎಂಬ ಹಳ್ಳಿಯ ಪಾಟೀಲ ಲೋಖಂಡೆ ಎದುರುಬಿದ್ದು ಕಾಳಗದಲ್ಲಿ ಸತ್ತ. ಅವನ ಹೆಂಡತಿ ತನ್ನ ಎಳೆಯ ಮಗ ರಾಣೋಜಿಯನ್ನು ತಂದು ಮಹಾರಾಜರ ಪಾದದಲ್ಲಿ ಹಾಕಿದಳು. ಶಾಹೂ ಅವನನ್ನು ಮಗನಂತೆ ಸಾಕಿ, ತಮಗೆ ಸಿಕ್ಕ ಮೊದಲ ಗೆಲುವಿನ ನೆನಪಿಗೆ ಫತೇಸಿಂಹ ಎಂದು ಹೆಸರಿಟ್ಟು, ಮುಂದೆ ಅಕ್ಕಲಕೋಟವನ್ನು ಕೊಟ್ಟರು. ಆ ಸಂಸ್ಥಾನ 1948ರಲ್ಲಿ ವಿಲೀನವಾಗುವವರೆಗೂ ನಡೆಯಿತು. ಒಂದು ಕಡೆ ಶತ್ರುವಿನ ಮಗು ಅರಸನ ಮಗನಾಗಿ ಒಂದು ರಾಜ್ಯದ ಮೂಲಪುರುಷನಾದ. ಇನ್ನೊಂದು ಕಡೆ ಮನೆಯವರೆಲ್ಲ ಒಪ್ಪಿ ತಂದ ಹುಡುಗನನ್ನು ಹೊರಗಿನ ಅಧಿಕಾರಿ ಒಪ್ಪಲಿಲ್ಲ. ದತ್ತಕವೆಂದರೆ ನಮ್ಮ ಜನಕ್ಕೆ ಏನು ಅರ್ಥ, ಚೆನ್ನಮ್ಮ ಯಾತಕ್ಕೆ ಅಷ್ಟು ಹಟ ಹಿಡಿದಳು ಎಂಬುದು ಇದರಿಂದ ತಿಳಿದೀತು.

ಸೆಪ್ಟೆಂಬರ್ 12ರ ಸುಮಾರಿನಿಂದ ಅಕ್ಟೋಬರ್ 23ರವರೆಗೆ ಹೆಚ್ಚು ಕಡಿಮೆ ನಲವತ್ತು ದಿನ. ನನ್ನ ದೃಷ್ಟಿಯಲ್ಲಿ ಚೆನ್ನಮ್ಮನ ಜೀವನದ ಅತಿ ಮುಖ್ಯ ಭಾಗ ಈ ನಲವತ್ತು ದಿನಗಳೇ. ಈ ದಿನಗಳಲ್ಲಿ ಅವಳು ಕತ್ತಿ ಹಿಡಿಯಲಿಲ್ಲ, ಪತ್ರಗಳನ್ನು ಬರೆಸಿದಳು. ಥ್ಯಾಕರೆ ಒಪ್ಪದಿದ್ದರೆ ಅವನ ಮೇಲಿನವನು ಪುಣೆಯ ಕಮಿಷನರ್ ಚಾಪ್ಲಿನ್, ಅವನಿಗೆ ಬರೆಸಿದಳು. ಚಾಪ್ಲಿನ್‌ಗಿಂತ ಮೇಲಿನವನು ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್, ಅವನಿಗೂ ಬರೆಸಿದಳು. ಆ ಕಾಲದಲ್ಲಿ ಪತ್ರವೆಂದರೆ ಕುದುರೆಯ ಮೇಲೋ ಓಟಗಾರರ ಕೈಯಲ್ಲೋ ಹೋಗಬೇಕು. ಉತ್ತರ ಬರಲು ವಾರಗಳು. ಕಾಯುತ್ತ ಕೂತ ಅರಮನೆಯಲ್ಲಿ ಆಕೆಯೂ ರುದ್ರಸರ್ಜನ ಎಳೆಯ ವಿಧವೆ ವೀರಮ್ಮನೂ ದತ್ತು ಹುಡುಗನೂ ಇದ್ದರು. ಅಂಗಳದಲ್ಲಿ ಕಂಪನಿಯ ಕಾವಲಿನವರು ನಿಂತಿದ್ದರು.

ಇದನ್ನು ಚಿತ್ರದಲ್ಲಿ ತೋರಿಸುವುದು ಕಷ್ಟ. ಒಬ್ಬಳು ಹೆಂಗಸು ಕುಳಿತು ಕಾರಕೂನನಿಗೆ ಪತ್ರ ಹೇಳಿ ಬರೆಸುವುದನ್ನು ಹತ್ತು ನಿಮಿಷ ತೋರಿಸಿದರೆ ಟೆಂಟಿನಲ್ಲಿ ಕೂತವರು ಎದ್ದು ಚಹ ಕುಡಿಯಲು ಹೋದಾರು. ಎರಡೂವರೆ ಗಂಟೆಯಲ್ಲಿ ಐವತ್ತು ವರ್ಷದ ಬದುಕನ್ನು ಹೇಳಬೇಕಾದವನಿಗೆ ಈ ನಲವತ್ತು ದಿನ ಭಾರವಾಗುತ್ತವೆ. ಆದ್ದರಿಂದ ನಲವತ್ತು ದಿನದ ವಾದವನ್ನು ಒಂದೇ ದೃಶ್ಯದ ಎದುರುಬದುರು ಮಾತಾಗಿ ಮಾಡಿದರು. ಇದಕ್ಕಾಗಿ ನಿರ್ದೇಶಕರನ್ನು ದೂರುವ ಮನಸ್ಸು ನನಗಿಲ್ಲ. ನಾಟಕದವರು, ಲಾವಣಿಯವರು, ಗೀಗೀ ಮೇಳದವರು ಎಲ್ಲರೂ ಮಾಡುವುದು ಇದನ್ನೇ. ಆದರೆ ಹಾಗೆ ಮಾಡಿದಾಗ ಕಳೆದುಹೋದದ್ದು ಅವಳ ತಾಳ್ಮೆ. ನ್ಯಾಯದ ಎಲ್ಲ ಬಾಗಿಲು ತಟ್ಟಿದ ಮೇಲೆಯೇ ಅವಳು ಕೋಟೆಯ ಬಾಗಿಲು ಮುಚ್ಚಿದಳೆಂಬುದು ತೆರೆಯ ಮೇಲೆ ಕಾಣುವುದಿಲ್ಲ.

ಇನ್ನೊಂದು ಸಂಗತಿಯೂ ತೆರೆಯ ಮೇಲೆ ಕಾಣುವುದಿಲ್ಲ. ಅವಳ ವಯಸ್ಸು. ಚಿತ್ರ ತೆರೆಕಂಡಾಗ ಸರೋಜಾದೇವಿ ಅವರಿಗೆ ಇಪ್ಪತ್ಮೂರು. 1824ರಲ್ಲಿ ಚೆನ್ನಮ್ಮನಿಗೆ ನಲವತ್ತಾರು. ಎಂಟು ವರ್ಷದಿಂದ ವಿಧವೆ. ಇಲ್ಲಿ ಓದುತ್ತಿರುವ ಹಲವು ತಾಯಂದಿರ ವಯಸ್ಸೇ. ಗಂಡ ಹೋಗಿ, ಹೆತ್ತ ಮಗ ಹೋಗಿ, ಮಲಮಗನೂ ಹೋದ ಮೇಲೆ ಹೊಣೆ ಹೊತ್ತ ಮನೆಯ ಹಿರಿಯಳು ಅವಳು. ತರುಣಿಯೊಬ್ಬಳು ಕತ್ತಿ ಎತ್ತಿದರೆ ಅದು ಉತ್ಸಾಹ ಎನ್ನಬಹುದು. ಎಲ್ಲವನ್ನೂ ಕಳೆದುಕೊಂಡ ನಡುವಯಸ್ಸಿನವಳು ಎತ್ತಿದರೆ ಅದರ ತೂಕವೇ ಬೇರೆ.

ಚಿತ್ರದ ಪರವಾಗಿ ಒಂದು ಮಾತು. ಅದರಲ್ಲಿ ಟಿ. ಜಿ. ಲಿಂಗಪ್ಪನವರ ಸಂಗೀತದಲ್ಲಿ ಪಿ. ಸುಶೀಲಾ ಅವರು ಅಕ್ಕಮಹಾದೇವಿಯ ಒಂದು ವಚನವನ್ನು ಹಾಡಿದ್ದಾರೆ. ಚೆನ್ನಮ್ಮ ಲಿಂಗಾಯತರ ಮನೆಯ ಹೆಣ್ಣುಮಗಳು. ಅಂಥ ಮನೆಯಲ್ಲಿ ಅಕ್ಕನ ವಚನ ಕೇಳಿಬಂದದ್ದಕ್ಕೆ ದಾಖಲೆ ಬೇಕಾಗಿಲ್ಲ. ಯಾವ ಕಡತದಲ್ಲೂ ಇಲ್ಲದಿದ್ದರೂ ಆ ಹಾಡು ಕಪ್ಪದ ಮಾತಿಗಿಂತ ಹೆಚ್ಚು ನಿಜವಾಗಿ ನನಗೆ ತೋರುತ್ತದೆ.

ಅಕ್ಟೋಬರ್ 23ರ ಬೆಳಿಗ್ಗೆ ಕಿತ್ತೂರು ಕೋಟೆಯ ಬಾಗಿಲು ಮುಚ್ಚಿತ್ತು. ಥ್ಯಾಕರೆ ತೋಪುಗಳನ್ನು ತರಿಸಿ ಬಾಗಿಲು ಒಡೆಯಲು ಗಡುವು ಕೊಟ್ಟ. ಗಡುವು ಮುಗಿಯುವ ಮೊದಲೇ ಬಾಗಿಲು ತೆರೆದು ಸರದಾರ ಗುರುಸಿದ್ದಪ್ಪನ ದಂಡು ಹೊರನುಗ್ಗಿತು. ಥ್ಯಾಕರೆ ಸತ್ತ, ಅವನನ್ನು ಹೊಡೆದವನು ಅಮಟೂರು ಬಾಳಪ್ಪನೆಂದು ನಮ್ಮವರು ಹೇಳುತ್ತಾರೆ. ತೋಪುದಳದ ಅಧಿಕಾರಿಗಳೂ ಸತ್ತರು. ಈ ಥ್ಯಾಕರೆಯು ಮುಂದೆ ಪ್ರಸಿದ್ಧನಾದ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಯ ಚಿಕ್ಕಪ್ಪ. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಕಿರಿಯ ಅಧಿಕಾರಿಗಳು ಸೆರೆಸಿಕ್ಕರು. ರಾಣಿ ಅವರನ್ನು ಕೊಲ್ಲಿಸಲಿಲ್ಲ, ಜೋಪಾನವಾಗಿ ಇಟ್ಟುಕೊಂಡಳು.

ಆ ವಾಲ್ಟರ್ ಎಲಿಯಟ್‌ಗೆ ಆಗ ಬರೀ ಇಪ್ಪತ್ತೊಂದು ವರ್ಷ. ಬದುಕಿ ಹೊರಬಂದ ಆತ ಮುಂದೆ ಏನು ಮಾಡಿದನೆಂಬುದು ಪಠ್ಯಪುಸ್ತಕದಲ್ಲಿ ಇಲ್ಲ. ಧಾರವಾಡ ಸೀಮೆಯ ಹಳ್ಳಿಹಳ್ಳಿ ತಿರುಗಿ, ಗುಡಿಗಳಲ್ಲಿ, ಹೊಲದ ಬದುಗಳಲ್ಲಿ ನಿಂತಿದ್ದ ಹಳಗನ್ನಡದ ಶಿಲಾಶಾಸನಗಳನ್ನು ಪ್ರತಿ ಮಾಡಿಸಿದ. ಹಾಗೆ ಕೂಡಿಸಿದ್ದು 595 ಶಾಸನಗಳು. ಕಲ್ಯಾಣದ ಚಾಲುಕ್ಯ ಅರಸರ ವಂಶಾವಳಿಯನ್ನು ಮೊದಲು ಕ್ರಮವಾಗಿ ಹೊಂದಿಸಲು ಸಾಧ್ಯವಾದದ್ದು ಇವುಗಳಿಂದ. ನಮ್ಮ ಸೊಲ್ಲಾಪುರ ಸೀಮೆಯನ್ನೂ ಆಳಿದ ಅರಸರು ಅವರು. ಸೆರೆಯಾಳನ್ನು ಚೆನ್ನಮ್ಮ ಸಿಟ್ಟಿನಲ್ಲಿ ಕಡಿಸಿದ್ದರೆ ಆ ಕೆಲಸ ಆಗ ನಡೆಯುತ್ತಿರಲಿಲ್ಲ. ಚಿತ್ರದವರಿಗೆ ಇದು ಬೇಕಾಗಲಿಲ್ಲ. ನನಗಂತೂ ಅವಳ ಚರಿತ್ರೆಯಲ್ಲೇ ಬಲು ಸೊಗಸಾದ ಸಂಗತಿ ಇದು.

ಚಾಪ್ಲಿನ್ ನಾಲ್ಕೂ ಕಡೆಯಿಂದ ದಂಡು ಕೂಡಿಸಿದ. ಸೆರೆಯವರನ್ನು ಬಿಟ್ಟರೆ ರಾಜಿಗೆ ದಾರಿಯಾದೀತೆಂದು ಡಿಸೆಂಬರ್ 2ರಂದು ಚೆನ್ನಮ್ಮ ಅವರನ್ನು ಬಿಟ್ಟಳು. ಮರುದಿನವೇ ದಾಳಿ ಶುರುವಾಯಿತು. ಈ ಕಾಳಗದಲ್ಲಿ ನಮ್ಮ ಊರಿನ ಹೆಸರು ಒಂದು ಕಡೆ ಬರುತ್ತದೆ: ಸತ್ತ ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬನು ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ, ಸೊಲ್ಲಾಪುರ ಕೋಟೆ ಹಿಡಿದ ಥಾಮಸ್ ಮನ್ರೋನ ಬಂಧು. ಡಿಸೆಂಬರ್ 5ಕ್ಕೆ ಕೋಟೆ ಬಿತ್ತು. ಒಳಗಿನ ದ್ರೋಹಿಗಳು ಮದ್ದಿನಲ್ಲಿ ಸೆಗಣಿ ಕಲಸಿದ್ದರಿಂದ ತೋಪುಗಳು ಹಾರಲಿಲ್ಲವೆಂದು ಲಾವಣಿಗಳು ಹಾಡುತ್ತವೆ. ಸೋಲಿಗೆ ಮನೆಮುರುಕನೊಬ್ಬನನ್ನು ಹುಡುಕುವುದು ಜನರ ವಾಡಿಕೆಯೂ ಹೌದು, ಆದರೆ ಕಂಪನಿಯ ದೊಡ್ಡ ತೋಪುಗಳ ಎದುರಿಗೆ ಒಂದು ಸಣ್ಣ ಸಂಸ್ಥಾನ ಮೂರು ದಿನ ನಿಂತದ್ದೇ ದೊಡ್ಡದು. ಆ ಕಾಲದ ಆಯುಧಗಳು ಹೇಗಿದ್ದವು ಎಂದು ಕಣ್ಣಾರೆ ನೋಡಬೇಕೆನ್ನುವ ಹುಡುಗರು ಅಕ್ಕಲಕೋಟದ ಹೊಸ ಅರಮನೆಯ ಶಸ್ತ್ರಾಗಾರಕ್ಕೆ ಹೋಗಿಬನ್ನಿ. ಚಿತ್ರದಲ್ಲಿ ಗಾಳಿಯಲ್ಲಿ ತಿರುಗಿಸುವ ಕತ್ತಿಗೂ ಅಲ್ಲಿ ಗೋಡೆಗೆ ತೂಗುಹಾಕಿದ ಕತ್ತಿಗೂ ಭಾರದಲ್ಲಿ ಎಷ್ಟು ಅಂತರವೆಂದು ನೋಡಿದ ಕೂಡಲೇ ತಿಳಿಯುತ್ತದೆ.

ನಾನು ದಾಖಲೆ ದಾಖಲೆ ಎಂದು ಹೇಳುತ್ತಿದ್ದೇನೆ. ಅದರಲ್ಲೂ ಒಂದು ತೊಡಕಿದೆ. ಆ ದಾಖಲೆಗಳಲ್ಲಿ ಬಹುಪಾಲು ಥ್ಯಾಕರೆಯ ಕಡೆಯವರೇ ಬರೆದಿಟ್ಟವು. ಅವುಗಳಲ್ಲಿ ಕಿತ್ತೂರಿನವರು ಬಂಡಾಯಗಾರರು, ಸಹಿ ಸುಳ್ಳು, ಕಂಪನಿಯದು ನ್ಯಾಯ. ಕಿತ್ತೂರಿನ ಮಾತು ಉಳಿದದ್ದು ಹೆಚ್ಚಾಗಿ ಹಾಡಿನಲ್ಲಿ. ಆದ್ದರಿಂದ ತಾರೀಖಿಗೆ ಕಡತವನ್ನು ನಂಬಬೇಕು. ಯಾರ ಎದೆ ಎಷ್ಟು ನೊಂದಿತ್ತೆಂಬುದಕ್ಕೆ ಹಾಡನ್ನು ಕೇಳಬೇಕು. ಚಲನಚಿತ್ರ ಹಾಡಿನ ಮನೆತನಕ್ಕೆ ಸೇರಿದ್ದು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಾತ್ರ ಅದರ ಸಂಭಾಷಣೆ ಬರೆಯಬೇಡಿರೆಂದು ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷವೂ ನಾಲ್ಕೈದು ಜನ ಬರೆಯುತ್ತಾರೆ.

ಸೋತ ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಸೊಸೆ ವೀರಮ್ಮನೂ ಜೊತೆಗಿದ್ದಳು. ನಾಲ್ಕು ವರ್ಷಕ್ಕೂ ಮೇಲೆ ಆಕೆ ಅಲ್ಲಿದ್ದಳು. ಈ ನಾಲ್ಕು ವರ್ಷದ ಬಗ್ಗೆ ಹೇಳಲು ಘಟನೆಗಳಿಲ್ಲ. ಪೂಜೆ, ಪುರಾಣ, ಹೊರಗಿನ ಸುದ್ದಿಗಾಗಿ ಕಾಯುವುದು. 1829ರ ಫೆಬ್ರವರಿಯಲ್ಲಿ ತೀರಿಕೊಂಡಳು.

ಅವಳು ಹಿಡಿದ ಕೆಲಸವನ್ನು ಸಂಗೊಳ್ಳಿ ರಾಯಣ್ಣ ಮುಂದುವರಿಸಿದ. ಅರಸನಲ್ಲ, ಸರದಾರನಲ್ಲ, ಹಳ್ಳಿಯ ಬಂಟ. ಅದೇ ದತ್ತು ಹುಡುಗ ಶಿವಲಿಂಗಪ್ಪನನ್ನು ಪಟ್ಟಕ್ಕೆ ಕೂಡಿಸಬೇಕೆಂದು ಕಾಡಿನಲ್ಲಿದ್ದು ಹೋರಾಡಿದ. ಅವನನ್ನು ಹಿಡಿದು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಮೇಲೆ 2012ರಲ್ಲಿ ದರ್ಶನ್ ನಾಯಕರಾಗಿ ದೊಡ್ಡ ಖರ್ಚಿನ ಚಿತ್ರ ಬಂತು. ಅದರಲ್ಲಿ ಜಯಪ್ರದಾ ಚೆನ್ನಮ್ಮನಾಗಿದ್ದರು. ಆಗ ಅವರ ವಯಸ್ಸು ಐವತ್ತು. ಈ ಒಂದು ವಿಷಯದಲ್ಲಿ ಹೊಸ ಚಿತ್ರವು ಹಳೆಯದಕ್ಕಿಂತ ಚರಿತ್ರೆಗೆ ಹತ್ತಿರ. ರಾಯಣ್ಣನ ಗಲ್ಲಿಗೆ ನೂರು ವರ್ಷ ತುಂಬಲು ಹದಿನಾಲ್ಕು ದಿನ ಇರುವಾಗ, 1931ರ ಜನವರಿ 12ರಂದು, ನಮ್ಮ ಸೊಲ್ಲಾಪುರದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು.

2007ರಲ್ಲಿ ದೆಹಲಿಯ ಸಂಸತ್ತಿನ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ನಿಂತಿತು. ರಾಷ್ಟ್ರಪತಿ ಪ್ರತಿಭಾ ಪಾಟೀಲ ಅದನ್ನು ಅನಾವರಣ ಮಾಡಿದರು. ಪ್ರತಿಮೆಯಲ್ಲಿ ಆಕೆ ಕುದುರೆಯ ಮೇಲೆ ಕತ್ತಿ ಎತ್ತಿ ಕುಳಿತಿದ್ದಾಳೆ. ಕಿತ್ತೂರಿನಲ್ಲಿ ಈಗ ಉಳಿದಿರುವುದು ಅರಮನೆಯ ಮುರುಕು ಗೋಡೆಗಳು. ಒಂದು ಗೋಡೆಯಲ್ಲಿ ಧ್ರುವ ನಕ್ಷತ್ರವನ್ನು ನೋಡಲೆಂದು ಮಾಡಿದ ಸಣ್ಣ ಕಿಂಡಿಯಿದೆ. ಕಿತ್ತೂರಿಗೆ ಹೋದವರು ಅದಕ್ಕೆ ಕಣ್ಣಿಟ್ಟು ನೋಡುತ್ತಾರೆ. ಅಲ್ಲಿಂದ ಬೈಲಹೊಂಗಲ ದೂರವಿಲ್ಲ. ಅವಳ ಸಮಾಧಿ ಇರುವುದು ಅಲ್ಲಿ; ಪ್ರವಾಸದ ಬಸ್ಸು ಕಿತ್ತೂರು ನೋಡಿ ತಿರುಗಿಬಿಡದೆ ಅಲ್ಲಿಗೂ ಒಂದು ಗಳಿಗೆ ಹೋಗಿ ಬರಲಿ.